ಕೆಂಪು ಚೀಲದ ಗಂಟು

ಇದು ನಡೆದ ಕಥೆ. ನನಗೇ ನಡೆದದ್ದು. ಆಣೆ ಮಾಡು ಅನ್ನಬೇಡಿ. ಆಣೆ ಮಾಡಿ ಸುಳ್ಳು ಹೇಳಿದವರನ್ನು ಕೋರ್ಟಿನಲ್ಲಿ ಕಣ್ಣಾರೆ ಕಂಡು ಬಂದಿದ್ದೇನೆ. ಅದಕ್ಕೇ ಆಣೆಯಿಲ್ಲದೆ ನಿಜ ಹೇಳುತ್ತೇನೆ.

ನಾನು ಬಿ.ಎ. ಬಿ.ಎ. ಅಂದರೆ ಬಟ್ಟೆ ಎಣಿಸುವವಳು. ಕಾಲೇಜಿನವರು ಬೇರೇನೋ ಅರ್ಥ ಹೇಳಿದ್ದರು, ಅದು ಎಲ್ಲೂ ನಡೆಯಲಿಲ್ಲ. ಮೂರು ಆಸ್ಪತ್ರೆಗಳ ಬಟ್ಟೆ ತೊಳೆಯುವ ಕಾರ್ಖಾನೆಯಲ್ಲಿ ಕೊಳೆ ಬಟ್ಟೆ ಬೇರೆ ಮಾಡುವ ಕೋಣೆ ನನ್ನದು. ಚಾದರ, ದಿಂಬಿನ ಚೀಲ, ರೋಗಿಯ ಅಂಗಿ, ಆಪರೇಷನ್ ಬಟ್ಟೆ. ರಕ್ತ ಒಂದು ಕಡೆ. ಹೇಲು ಒಂದು ಕಡೆ. ಬರೀ ಬೆವರು ಒಂದು ಕಡೆ. ಬಗ್ಗು, ಎತ್ತು, ಎಸೆ. ಬಗ್ಗು, ಎತ್ತು, ಎಸೆ. ಒಗೆದು ಒಗೆದು ಒಗ್ಗಿಹೋಯಿತು ಅಂತ ಹೇಳಬಹುದು. ಕೇಳಲು ಚೆನ್ನಾಗಿದೆ. ಸುಳ್ಳು.

ಆ ಕೋಣೆಗೆ ಪಾಳಿಗೊಬ್ಬಳೇ. ಊಟದ ಹೊತ್ತಿಗೆ ಹೊರಗೆ ಬಂದರೆ ಇಸ್ತ್ರಿಯವರು, ಮಡಿಸುವವರು ಒಟ್ಟಿಗೆ ಕೂತಿರುತ್ತಿದ್ದರು. ನಾನು ಕೂತ ತಕ್ಷಣ ಬೆಂಚು ಉದ್ದವಾಗುತ್ತಿತ್ತು. ಯಾರೂ ಎದ್ದು ಹೋಗು ಅಂದವರಲ್ಲ. ಸ್ವಲ್ಪ ಸ್ವಲ್ಪ ಜರುಗುತ್ತಿದ್ದರು, ಅಷ್ಟೆ. ನನ್ನ ಮೈಯ ವಾಸನೆ ನನ್ನದಲ್ಲ, ಯಾರೋ ರೋಗಿಯದು. ಜರುಗುತ್ತಿದ್ದದ್ದು ಮಾತ್ರ ನನ್ನಿಂದ. ಬಸ್ಸಿನಲ್ಲಿ ಎಷ್ಟು ನೂಕುನುಗ್ಗಲಿದ್ದರೂ ನನ್ನ ಪಕ್ಕದ ಸೀಟು ಖಾಲಿ.

ಬಾಡಿಗೆ ಕೋಣೆಗೆ ಬಂದು ಬಾಗಿಲು ಹಾಕಿದರೆ ನಾನು, ಸ್ಟೌವು, ನಾಲ್ಕು ಗೋಡೆ. ಅಲ್ಲಿ ನಾನು ಜನ ಸೇರಿಸುತ್ತಿದ್ದೆ. ಬಸ್ ಕಂಡಕ್ಟರ್ ಆಗಿ ನನ್ನನ್ನೇ ಬಯ್ಯುವುದು. ಮನೆ ಮಾಲಕಿಯಾಗಿ ನೀರಿನ ವಿಷಯಕ್ಕೆ ಜಗಳ ತೆಗೆಯುವುದು. ಅತ್ತೆ, ಸೊಸೆ, ನಡುವೆ ಬಾಯಿ ಬಿಡದ ಗಂಡ, ಮೂರೂ ನಾನೇ. ಕಾಲೇಜಿನಲ್ಲಿ ಒಮ್ಮೆ ಪ್ರಿನ್ಸಿಪಾಲರ ದನಿಯಲ್ಲಿ ಮೈಕಿನಲ್ಲಿ "ಇವತ್ತು ರಜ" ಅಂದಿದ್ದೆ. ಅರ್ಧ ಕಾಲೇಜು ಮನೆಗೆ ಹೋಯಿತು. ನಾನು ಒಂದು ವಾರ ಹೋದೆ, ಸಸ್ಪೆಂಡಾಗಿ.

ಆಗ ನನಗೆ ಹೆಣ್ಣು ದನಿಯೂ ಇತ್ತು. ಕಾರ್ಖಾನೆಗೆ ಸೇರಿದ ಮೊದಲ ಮೂರು ವರ್ಷ ಬ್ಲೀಚು ಕಲಸುವ ಕೆಲಸ ಕೊಟ್ಟರು. ಮೂಗಿಗೆ ಕಟ್ಟಿಕೊಳ್ಳಲು ಒಂದು ಕರ್ಚೀಫು, ಅದೂ ನನ್ನದೇ. ಗಂಟಲು ಸುಟ್ಟಿತು. ದನಿ ಒಡೆದು ಗೊಗ್ಗರಾಯಿತು. ಡಾಕ್ಟರು "ಮಾತು ಕಮ್ಮಿ ಮಾಡಮ್ಮ" ಅಂದರು. ಯಾರ ಹತ್ತಿರ ಜಾಸ್ತಿ ಮಾತಾಡುತ್ತಿದ್ದೆನೋ ಅವರೇ ಹೇಳಬೇಕು.

ನಮ್ಮ ಮ್ಯಾನೇಜರ್ ಸಾಹೇಬರ ದನಿಯೂ ಗೊಗ್ಗರು. ಅವರದು ಸಿಗರೇಟಿನದು. ಅವರು ಇಷ್ಟಪಟ್ಟು ಕೆಡಿಸಿಕೊಂಡದ್ದನ್ನು ನನಗೆ ಕಂಪನಿ ಪುಕ್ಕಟೆಯಾಗಿ ಕೆಡಿಸಿಕೊಟ್ಟಿತ್ತು.

ಈಗ ಕೆಂಪು ಚೀಲದ ವಿಷಯ. ಅಂಟುರೋಗದವರ ಬಟ್ಟೆ ಬರುವುದು ಕೆಂಪು ಚೀಲದಲ್ಲಿ. ರೋಗಿಯ ಹಾಸಿಗೆ ಪಕ್ಕದಲ್ಲೇ ನರ್ಸು ತುಂಬಿ, ಒಂದು ವಿಶೇಷ ದಾರದಿಂದ ಗಂಟು ಹಾಕುತ್ತಾಳೆ. ಆಮೇಲೆ ಯಾರೂ ಬಿಚ್ಚಬಾರದು. ಚೀಲ ಚೀಲವಾಗಿಯೇ ಒಗೆಯುವ ಡ್ರಮ್ಮಿಗೆ ಹೋಗಬೇಕು. ಬಿಸಿನೀರು ಬಿದ್ದಾಗ ದಾರ ತಾನೇ ಕರಗುತ್ತದೆ. ಈ ನಿಯಮ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿತ್ತು. ಕೆಳಗೆ ಸಾಹೇಬರ ಸಹಿ.

ಒಂದು ದಿನ ಆಸ್ಪತ್ರೆಯವರು ಚಾದರ ಕಮ್ಮಿ ಬರುತ್ತಿದೆ ಅಂದರು. ಸಾಹೇಬರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು.

"ಇವತ್ತಿಂದ ಕೆಂಪು ಚೀಲಾನೂ ಬಿಚ್ಚಿ ಎಣಿಸ್ಬೇಕು."

"ಗೋಡೆ ಮೇಲೆ ಬಿಚ್ಚಬಾರದು ಅಂತಿದೆಯಲ್ಲ ಸರ್," ಅಂದಳು ಇಸ್ತ್ರಿ ಅಕ್ಕ. ಅವಳು ಎಲ್ಲರಿಗಿಂತ ಹಳಬಳು. ಹದಿನಾಲ್ಕು ವರ್ಷದಿಂದ ಇಸ್ತ್ರಿ.

"ಗೋಡೆ ಬಂದು ಎಣಿಸುತ್ತಾ?"

ಕೈಗವಸು ಕೇಳಿದೆವು. ಬರುತ್ತೆ ಅಂದರು. ಬರಲಿಲ್ಲ. ಎಣಿಸುವುದಕ್ಕೆ ಮಡಿಸುವ ಕಡೆಯಿಂದ ಇನ್ನೊಬ್ಬಳನ್ನು ನನ್ನ ಕೋಣೆಗೆ ಹಾಕಿದರು. ಇಸ್ತ್ರಿ ಅಕ್ಕನ ಗಂಡನ ತಂಗಿ. ಕಾರ್ಖಾನೆಗೆಲ್ಲ ಅವಳು ನಾದಿನಿಯೇ. ಐದನೆಯ ದಿನ ಚೀಲಕ್ಕೆ ಕೈ ಹಾಕಿದವಳು "ಹಾ" ಅಂದು ಕೈ ಎಳೆದಳು. ಅಂಗೈಯಲ್ಲಿ ಸೂಜಿ ನಿಂತಿತ್ತು. ಯಾರ ಸೂಜಿ, ಯಾವ ರೋಗ, ಹೇಳುವವರಿಲ್ಲ. ಆರು ತಿಂಗಳು ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು, ಆಮೇಲೆ ಗೊತ್ತಾಗುತ್ತದೆ ಅಂದರು ಡಾಕ್ಟರು. ಸಾಹೇಬರು ಒಂದು ಕಾಗದ ತಂದರು. "ಮನೆಯಲ್ಲಿ ಬಟ್ಟೆ ಹೊಲಿಯುವಾಗ ಚುಚ್ಚಿಕೊಂಡೆ" ಅಂತ ಬರೆದಿತ್ತು. ಅದೇ ಕೈಯಿಂದ ಸಹಿ ಹಾಕಿಸಿಕೊಂಡರು. ಸಹಿಯ ಮೇಲೆ ಒಂದು ಹನಿ ರಕ್ತ ಬಿತ್ತು. "ಏಯ್, ಕಾಗದ ಗಲೀಜು ಮಾಡ್ಬೇಡ" ಅಂದರು.

ಅವತ್ತು ನಾನು ಕೋಣೆಗೆ ಬಂದು ಯಾರನ್ನೂ ಸೇರಿಸಲಿಲ್ಲ. ಸಾಹೇಬರೊಬ್ಬರನ್ನೇ ಕರೆದೆ. ಗೋಡೆಗೆ ಮುಖ ಮಾಡಿ ಅವರ ದನಿಯಲ್ಲಿ ಅವರನ್ನೇ ಬೈದೆ. ಬೈದು ಮುಗಿದ ಮೇಲೆ ಒಂದು ಯೋಚನೆ ಬಂತು.

ಹೆಸರು, ನಂಬರು ಏನೂ ಕೇಳದ ಒಂದು ಆ್ಯಪ್ ಇತ್ತು. ಅದರಲ್ಲಿ ಕಳಿಸಿದ ಮಾತಿಗೆ ಕಳಿಸುವವರ ಫೋನಿನಲ್ಲೇ ಬೀಗ ಬೀಳುತ್ತದೆ. ಕೇಳುವವರ ಫೋನಿನಲ್ಲೇ ಬಿಚ್ಚುತ್ತದೆ. ನಡುವೆ ಆ್ಯಪಿನವರಿಗೂ ಕೇಳಿಸುವುದಿಲ್ಲ. ಅದರಲ್ಲಿ ಒಂದು ಗುಂಪು ಮಾಡಿದೆ. ನನ್ನ ಹೆಸರು "ಸಾಹೇಬ" ಅಂತ ಇಟ್ಟುಕೊಂಡೆ. ಫೋನು ಹಿಡಿದರೆ ಗುಂಪಿಗೆ ಸೇರಿಸುವ ಕ್ಯೂಆರ್ ಚೌಕದ ಚಿತ್ರವನ್ನು ಹೆಂಗಸರ ಕಕ್ಕಸಿನ ಬಾಗಿಲ ಹಿಂದೆ ಅಂಟಿಸಿದೆ. ಕಾರ್ಖಾನೆಯಲ್ಲಿ ಸಾಹೇಬರು ಕಾಲಿಡದ ಜಾಗ ಅದೊಂದೇ. ಒಬ್ಬೊಬ್ಬಳೇ ಕೂತು ಬಂದಳು, ಒಬ್ಬೊಬ್ಬಳೇ ಸೇರಿದಳು. ಹನ್ನೊಂದು ಜನ. ತಮ್ಮ ಕೈಗಳ ಫೋಟೋ ಕಳಿಸಿದರು, ಕೆಳಗೆ ತಮ್ಮ ಹೆಸರು ಹಾಕಿ. ಬ್ಲೀಚಿಗೆ ಬಿರಿದ ಕೈ, ಇಸ್ತ್ರಿಗೆ ಬೆಂದ ಕೈ, ಸೂಜಿ ಚುಚ್ಚಿದ ಕೈ. ಊಟದ ಬೆಂಚಿನಲ್ಲಿ ನನ್ನಿಂದ ಜರುಗುತ್ತಿದ್ದವರು, ಗುಂಪಿನಲ್ಲಿ ನನ್ನ ಕಿವಿಗೆ ಬಾಯಿಟ್ಟು ಮಾತಾಡಿದರು. ಬಿ.ಎ. ಅನ್ನುವವಳು ಅದರಲ್ಲಿದ್ದಾಳೋ ಇಲ್ಲವೋ ಒಬ್ಬಳೂ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಎಲ್ಲರ ಫೋನಿನಲ್ಲೂ ಸಾಹೇಬರ ದನಿ ಬಂತು.

"ನಾನು ಮ್ಯಾನೇಜರ್ ಮಾತಾಡ್ತಿರೋದು. ಕೆಂಪು ಚೀಲ ಯಾರೂ ಬಿಚ್ಚಕೂಡದು. ಬಿಚ್ಚಿ ಅಂದವರ ಮಾತು ಕೇಳಕೂಡದು. ನಾನೇ ಬಂದು ಹೇಳಿದ್ರೂ ಕೇಳಕೂಡದು. ಗೋಡೆ ನೋಡ್ಕೊಳ್ಳಿ."

ಒಂಬತ್ತು ದಿನ ಯಾರೂ ಒಂದು ಚೀಲವನ್ನೂ ಬಿಚ್ಚಲಿಲ್ಲ. ಸಾಹೇಬರು ಕೂಗಿದರು. "ನೀವೇ ಹೇಳಿದ್ರಲ್ಲ ಸರ್" ಅಂದರು ಎಲ್ಲರೂ. "ಯಾವಾಗ?" "ಫೋನಲ್ಲಿ." "ನಾನಲ್ಲ ಅದು!" "ನಾನೇ ಬಂದು ಹೇಳಿದ್ರೂ ಕೇಳಬೇಡಿ ಅಂದ್ರಲ್ಲ ಸರ್. ಈಗ ಬಂದು ಹೇಳ್ತಿದ್ದೀರಿ."

ಹತ್ತನೆಯ ದಿನ ಇಸ್ತ್ರಿ ಮೇಜಿನ ಮೇಲೆ ಅಕ್ಕನ ಫೋನು ಸಾಹೇಬರ ದನಿಯಲ್ಲಿ ಮಾತಾಡುತ್ತಿದ್ದಾಗ ಸಾಹೇಬರು ಹಿಂದಿನಿಂದ ಬಂದು ಕಸಿದರು. ಕಸಿಯುವಷ್ಟರಲ್ಲಿ ಅವಳು ಗುಂಡಿ ಒತ್ತಿದ್ದಳು. ಫೋನು ಕಪ್ಪಾಯಿತು. ಸಾಹೇಬರು ಕರೆಸಿದ ಪೊಲೀಸರು ಅವಳ ಹೆಬ್ಬೆರಳು ಹಿಡಿದು ಒತ್ತಿಸಿದರು. ತೆರೆಯಲಿಲ್ಲ. ಇನ್ನೊಂದು ಬೆರಳು. ತೆರೆಯಲಿಲ್ಲ. ಹದಿನಾಲ್ಕು ವರ್ಷದ ಇಸ್ತ್ರಿಗೆ ಅವಳ ಬೆರಳ ಗೆರೆಗಳೆಲ್ಲ ನುಣ್ಣಗಾಗಿದ್ದವು. ಕಾರ್ಖಾನೆಯ ಹಾಜರಿ ಮಿಷನ್ನೂ ಅವಳನ್ನು ದಿನಾ "ಗುರುತು ಸಿಗಲಿಲ್ಲ" ಅನ್ನುತ್ತಿತ್ತು. ಫೋನಿಗೆ ಬೇಕಾದದ್ದು ಆರು ಅಂಕಿ. ಅವು ಅವಳ ತಲೆಯಲ್ಲಿದ್ದವು. ಅವಳು ಕೊಡಲಿಲ್ಲ. "ನಾಳೆಯಿಂದ ಬರಬೇಡ" ಅಂದರು ಸಾಹೇಬರು. ಫೋನು ಬಿಚ್ಚಿಸಿ, ದನಿ ಯಾರದು ಅಂತ ಹೇಳಿಸಿ ಅಂತ ಕಂಪನಿ ಕೋರ್ಟಿಗೆ ಹೋಯಿತು.

ಅಷ್ಟರಲ್ಲಿ ದನಿ ಕಳ್ಳನ ಹುಡುಕಾಟ. ಕಾರ್ಖಾನೆಯ ಗಂಡಸರನ್ನೆಲ್ಲ ಆಫೀಸಿಗೆ ಕರೆದು ಆ ವಾಕ್ಯ ಓದಿಸಿದರು. ಬಾಯ್ಲರಿನವನು ನಾಟಕದ ರಾಜನ ಹಾಗೆ ಓದಿದ. ಡ್ರೈವರು ದಾರಿ ಕೇಳುವ ಹಾಗೆ ಓದಿದ. ಗೇಟಿನ ಕಾವಲುಗಾರ ಹೆದರಿ "ಬಿಚ್ಚಿ, ಬಿಚ್ಚಿ" ಅಂದುಬಿಟ್ಟ. ನಾನು ಅದೇ ಹೊತ್ತಿಗೆ ಆಫೀಸಿನ ಕಿಟಕಿಯ ಹೊರಗೆ ಗಾಡಿ ತಳ್ಳುತ್ತಿದ್ದೆ. ಹೆಂಗಸರನ್ನು ಯಾರೂ ಕರೆಯಲಿಲ್ಲ. ಅವರಿಗೆ ಬೇಕಾಗಿದ್ದದ್ದು ಗಂಡಸಿನ ದನಿ.

ಆದರೂ ನಾನು ಬಾಯಿಗೆ ಬೀಗ ಹಾಕಿಕೊಂಡೆ. ಬಸ್ಸಿನಲ್ಲಿ ಟಿಕೆಟ್ಟಿಗೆ ಬೆರಳು ತೋರಿಸುತ್ತಿದ್ದೆ. ಅಂಗಡಿಯಲ್ಲಿ ಸನ್ನೆ. ಕೋಣೆಯಲ್ಲಿ ಗೋಡೆಗೆ ಕಿವಿಯಿದ್ದರೆ ಅಂತ ಅಲ್ಲೂ ಮಾತು ನಿಲ್ಲಿಸಿದೆ. ಕಂಡಕ್ಟರು, ಮಾಲಕಿ, ಅತ್ತೆ ಸೊಸೆ, ಒಬ್ಬರೂ ಬರಲಿಲ್ಲ. ಅಕ್ಕನ ಮನೆಗೆ ಹೋಗಿ "ನಾನೇ" ಅನ್ನಬೇಕು ಅನ್ನಿಸುತ್ತಿತ್ತು. ಹೇಳಿದರೆ ಅವಳ ತಲೆಯಲ್ಲಿ ಆರು ಅಂಕಿಯ ಜೊತೆ ನಾನೂ ಸೇರುತ್ತೇನೆ. ಇನ್ನೂ ಒಂದು ಭಾರ. ಹೋಗಲಿಲ್ಲ. ನಾಲ್ಕು ತಿಂಗಳು.

ವಿಚಾರಣೆಯ ದಿನ ಸಂಬಳ ಕಳೆದುಕೊಂಡು ರಜ ಹಾಕಿ ಹೋದೆ. ಕೊನೆಯ ಬೆಂಚು. ಅಲ್ಲೂ ಪಕ್ಕ ಖಾಲಿ.

ಕಂಪನಿ ವಕೀಲರು ಶುರು ಮಾಡಿದರು. "ಸ್ವಾಮಿ, ಮುಖವಿಲ್ಲದವನು ನಮ್ಮ ಮ್ಯಾನೇಜರ ದನಿ ಕದ್ದಿದ್ದಾನೆ. ಆ್ಯಪಿನವರು ಗೂಢಲಿಪೀಕರಣ ಅಂತ ನೆಪ ಹೇಳುತ್ತಿದ್ದಾರೆ. ಬಚ್ಚಿಡುವುದು ಯಾರು? ಕಳ್ಳ!"

"ಏನು ಕರಣ?" ಅಂದರು ನ್ಯಾಯಾಧೀಶರು. ವಯಸ್ಸಾದವರು. ಕನ್ನಡಕ ಹಣೆಗೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು.

"ಗೂಢಲಿಪೀಕರಣ." ಗುಮಾಸ್ತ ಮೂರು ಸಲ ಕೇಳಿ ಮೂರು ಥರ ಬರೆದುಕೊಂಡ. ಆ ಪದವೇ ಬೀಗ ಹಾಕಿಕೊಂಡು ಬಂದಿತ್ತು.

"ಅಂದರೆ ಬೀಗ ತಾನೇ? ಬೀಗ ಮಾಡಿದವನ ಹತ್ತಿರ ಇನ್ನೊಂದು ಕೀಲಿ ಇರಬೇಕಲ್ಲ. ತರಿಸಿ."

ಕಂಪ್ಯೂಟರ್ ತಜ್ಞರೊಬ್ಬರು ಎದ್ದರು. "ಇಲ್ಲಿ ಇನ್ನೊಂದು ಕೀಲಿಯೇ ಇರುವುದಿಲ್ಲ ಸ್ವಾಮಿ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದಾಗ..." ಅರ್ಧ ಗಂಟೆ ಗುಣಿಸಿದರು. ನ್ಯಾಯಾಧೀಶರ ಕಣ್ಣು ಮುಚ್ಚಿತು. ತೆರೆಯಿತು. "ಅಂದರೆ ಕೀಲಿ ಕಳೆದುಹೋಗಿದೆ ಅಂತಲೋ?" ಅಂದರು.

ಅಕ್ಕನ ವಕೀಲೆ ಎದ್ದಳು. ಕೋರ್ಟೇ ಬಡವರಿಗೆ ಅಂತ ಕೊಟ್ಟ ಹೊಸ ವಕೀಲೆ. ಮೊದಲು ಆ ದನಿ ಕೇಳಿಸಿ ಅಂದಳು. ಅಕ್ಕನ ಫೋನು ಕಸಿಯುವ ಮೊದಲು ಸಾಹೇಬರು ತಮ್ಮ ಫೋನಿನಲ್ಲಿ ಹಿಡಿದುಕೊಂಡಿದ್ದ ನಕಲನ್ನು ಹಾಕಿದರು. ನನ್ನ ದನಿ ಕೋರ್ಟಿನ ತುಂಬ ಓಡಾಡಿತು. ನಾನು ತಲೆ ತಗ್ಗಿಸಿ ಉಗುರು ನೋಡಿಕೊಂಡೆ.

"ಇದು ಯಾರ ದನಿ?" ವಕೀಲೆ ಕೇಳಿದಳು.

ಸಾಹೇಬರು ಕಟಕಟೆಯಲ್ಲಿ ಬೆವರೊರೆಸಿಕೊಂಡರು. "ನನ್ನದೇ. ಆದ್ರೆ ನಾನು ಮಾತಾಡಿಲ್ಲ."

"ಕೆಂಪು ಚೀಲ ಬಿಚ್ಚಬಾರದು ಅನ್ನುವುದು ಸುಳ್ಳು ನಿಯಮವೋ?"

"ಅಲ್ಲ. ನಿಜವೇ. ಗೋಡೆ ಮೇಲೆ ಇದೆ."

"ಕೆಳಗಿನ ಸಹಿ?"

"ನನ್ನದೇ."

"ನೀವು ಬಿಚ್ಚಿಸಿದಿರೋ?"

"ಇಲ್ಲ. ಆಣೆ ಮಾಡಿ ಹೇಳ್ತೀನಿ, ಒಂದು ಚೀಲಾನೂ ಬಿಚ್ಚಿಸಿಲ್ಲ."

"ಬಿಚ್ಚಿಸಿಲ್ಲ. ಆ ದನಿಯವನು ಬಿಚ್ಚಬೇಡಿ ಅಂದ. ಅವರು ಬಿಚ್ಚಲಿಲ್ಲ. ಹಾಗಾದರೆ ನಿಮಗೆ ಆದ ನಷ್ಟ ಏನು?"

ಜನ ನಕ್ಕರು. ನ್ಯಾಯಾಧೀಶರು ಮೇಜು ಕುಟ್ಟಿದರು. ನಾನು ನಗಲಿಲ್ಲ. ನಾದಿನಿ ಮುಂದಿನ ಬೆಂಚಿನಲ್ಲಿ ಅಂಗೈ ಮುಚ್ಚಿಕೊಂಡು ಕೂತಿದ್ದಳು. ಇನ್ನೂ ಒಂದು ರಕ್ತ ಪರೀಕ್ಷೆ ಬಾಕಿಯಿತ್ತು.

ಆಮೇಲೆ ಅಕ್ಕನನ್ನು ಕರೆದರು. ಆಣೆ ಮಾಡಿಸಿದರು. ಕಂಪನಿ ವಕೀಲರು ಪ್ಲಾಸ್ಟಿಕ್ ಕವರಿನಿಂದ ಅವಳ ಫೋನು ತೆಗೆದು ಎದುರಿಗಿಟ್ಟರು.

"ಆರು ಅಂಕಿ ಒತ್ತು."

"ಒತ್ತಲ್ಲ."

"ಅದರೊಳಗೆ ಏನು ಬಚ್ಚಿಟ್ಟಿದ್ದೀಯ?"

"ಬಚ್ಚಿಟ್ಟಿಲ್ಲ. ಮುಚ್ಚಿಟ್ಟಿದ್ದೀನಿ."

ನ್ಯಾಯಾಧೀಶರು ಬಗ್ಗಿ ನೋಡಿದರು. "ಎರಡಕ್ಕೂ ಏನಮ್ಮ ವ್ಯತ್ಯಾಸ?"

"ಸ್ವಾಮಿ, ನಮ್ಮಲ್ಲಿ ಕೆಂಪು ಚೀಲ ಅಂತ ಬರುತ್ತೆ." ಅವಳು ಕೈಯಲ್ಲೇ ಗಾಳಿಯಲ್ಲಿ ಚೀಲ ಮಾಡಿದಳು, ಗಂಟು ಹಾಕಿದಳು. "ರೋಗಿ ಹತ್ರ ಗಂಟು ಹಾಕ್ತಾರೆ. ಡ್ರಮ್ಮಿನೊಳಗೆ ಬಿಸಿನೀರಲ್ಲಿ ಅದೇ ಕರಗುತ್ತೆ. ನಡುವೆ ಡ್ರೈವರು ಮುಟ್ತಾನೆ, ಗೇಟಿನವನು ಮುಟ್ತಾನೆ, ನಾವು ಹೊರ್ತೀವಿ. ಒಬ್ಬರೂ ಬಿಚ್ಚಲ್ಲ. ಯಾರ ಬಟ್ಟೆ ಅಂತ ಮೇಲೆ ಹೆಸರೂ ಇರಲ್ಲ. ರೋಗಿ ಕಳ್ಳ ಅಂತಲಾ? ಅಲ್ಲ. ನಡುವೆ ಬಿಚ್ಚಿದ್ರೆ ಯಾರಿಗೋ ಚುಚ್ಚುತ್ತೆ, ಅದಕ್ಕೆ."

ನ್ಯಾಯಾಧೀಶರು ತಜ್ಞರ ಕಡೆ ತಿರುಗಿದರು. "ನೀವು ಅರ್ಧ ಗಂಟೆ ಹೇಳಿದ್ದು ಇದನ್ನೋ?"

"ಹೌದು ಸ್ವಾಮಿ," ಅಂದರು ತಜ್ಞರು, ಸಣ್ಣ ದನಿಯಲ್ಲಿ.

"ಮ್ಯಾನೇಜರ ಹತ್ತಿರ ಒಂದು ಕತ್ತರಿ ಇದ್ದರೆ ಏನಾಗುತ್ತಮ್ಮ? ಅವರೊಬ್ಬರ ಹತ್ತಿರ ಮಾತ್ರ."

"ಕತ್ತರಿ ಬಂದ್ಮೇಲೆ ಒಬ್ಬರ ಹತ್ರ ನಿಲ್ಲುತ್ತಾ ಸ್ವಾಮಿ? ಕತ್ತರಿ ಅವರದು, ಬಿಚ್ಚೋ ಕೈ ನಮ್ಮದು. ನಮ್ಮ ನಾದಿನಿ ಕೈ ನೋಡಿ."

"ಒಳಗೆ ಕದ್ದ ಮಾಲು ಇದ್ದರೆ?"

ಅಕ್ಕ ಯೋಚಿಸಿದಳು. ಇಲ್ಲ ಅಂದುಬಿಡಬಹುದಿತ್ತು. "ಇರಬಹುದು ಸ್ವಾಮಿ. ಒಂದ್ಸಲ ಡ್ರಮ್ಮಿಂದ ಕೈಗಡಿಯಾರ ಬಂತು. ವಾರ್ಡಲ್ಲಿ ಹೋಗಿ ವಿಚಾರಿಸಿ ಕಳ್ಳನ್ನ ಹಿಡಿದ್ರು. ಕಷ್ಟಪಟ್ಟು ಹಿಡಿದ್ರು. ಅದರ ಬದಲು ಎಲ್ಲ ಚೀಲ ಬಿಚ್ಚಿಸಿದ್ರೆ ಗಡಿಯಾರ ಸಿಗಲ್ಲ. ಸೂಜಿ ಸಿಗುತ್ತೆ."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ಆಮೇಲೆ ಕೇಳಿದರು. "ಇದೊಂದೇ ಚೀಲ ಬಿಚ್ಚು ಅಂತ ನಾನೇ ಹೇಳಿದರೆ?"

"ಇದರಲ್ಲಿ ಹನ್ನೊಂದು ಜನರ ಕೈ ಇದೆ ಸ್ವಾಮಿ. ಬಿಚ್ಚಿದ್ರೆ ನಾಳೆ ಹನ್ನೊಂದೂ ಕೈ ಗೇಟಿನ ಹೊರಗೆ. ನನ್ನದೊಂದೇ ಆಗಿದ್ರೆ ಇಲ್ಲೇ ತೋರಿಸ್ತಿದ್ದೆ. ಬೇರೆಯವರದ್ದನ್ನ ನಾನ್ಯಾರು ಕೊಡೋಕೆ? ಬಿಚ್ಚಲ್ಲ."

"ಜೈಲಿಗೆ ಕಳಿಸಬಹುದು. ಗೊತ್ತೇನಮ್ಮ?"

"ಗೊತ್ತು. ಅಲ್ಲೂ ಇಸ್ತ್ರಿ ಇರುತ್ತಲ್ಲ."

ನಾನು ಅರ್ಧ ಎದ್ದೆ. ನಾನೇ, ನಾನೇ ಆ ದನಿ, ಅವಳನ್ನು ಬಿಡಿ ಅನ್ನಲು ಬಾಯಿ ತೆರೆದೆ. ಗಾಳಿ ಬಂತು, ಮಾತು ಬರಲಿಲ್ಲ. ಕೂತುಬಿಟ್ಟೆ. ಹತ್ತು ಜನರ ದನಿ ಬರುವವಳಿಗೆ ಬೇಕಾದಾಗ ಒಬ್ಬಳದೂ ಬರಲಿಲ್ಲ. ಆ ನಾಚಿಕೆಯನ್ನು ನಾನು ಇನ್ನೂ ತೊಳೆಯುತ್ತಿದ್ದೇನೆ.

ತೀರ್ಪು ಮೂರು ವಾರಕ್ಕೆ ಬಂತು. ಇನ್ನೊಬ್ಬರ ದನಿ ತೊಡುವುದು ಸಣ್ಣ ತಪ್ಪಲ್ಲ ಅಂತ ನ್ಯಾಯಾಧೀಶರು ಬರೆದಿದ್ದರು. ಆದರೆ ಮುಸುಕು ತೆಗೆಸಲು ಬಂದವರು, ಮುಸುಕಿನೊಳಗಿಂದ ಬಂದ ಮಾತು ಸುಳ್ಳು ಅಂತ ಮೊದಲು ತೋರಿಸಬೇಕು. ಕಂಪನಿ ತೋರಿಸಿಲ್ಲ. ಗಂಟು ಹಾಕಿದ ಮಾತ್ರಕ್ಕೆ ಒಳಗಿರುವುದು ಕಳವು ಅಂತಾಗುವುದಿಲ್ಲ. ಫೋನು ವಾಪಸು ಕೊಡಿ. ಬಿಚ್ಚಲಿಲ್ಲ ಅಂತ ಯಾರನ್ನೂ ಕೆಲಸದಿಂದ ತೆಗೆಯಕೂಡದು.

ಗೆದ್ದೆವು ಅನ್ನಿ. ಅಕ್ಕ ಕೆಲಸಕ್ಕೆ ಬಂದಳು. ಕಾವಲುಗಾರ ಗೇಟು ತೆಗೆಯಲಿಲ್ಲ. "ಕೋರ್ಟಿನ ಕಾಗದ ಇನ್ನೂ ಮೇಲಿಂದ ಬಂದಿಲ್ವಂತೆ ಅಕ್ಕ." ಮರುದಿನವೂ ಬಂದಿಲ್ಲ. ಅದರ ಮರುದಿನವೂ. ಹದಿನೆಂಟು ದಿನ ಅವಳು ಊಟದ ಡಬ್ಬಿ ಹಿಡಿದು ಗೇಟಿನ ಹೊರಗೆ ನಿಂತಳು. ನಾನು ದಿನಾ ಅವಳ ಪಕ್ಕದಿಂದಲೇ ಒಳಗೆ ಹೋಗುತ್ತಿದ್ದೆ. ಅವಳು ನೋಡುತ್ತಿದ್ದಳು. ನಾನು ನನ್ನ ಚಪ್ಪಲಿ ನೋಡುತ್ತಿದ್ದೆ.

ಹತ್ತೊಂಬತ್ತನೆಯ ದಿನ ಅವಳು ಗೇಟಿನಲ್ಲಿ ಇರಲಿಲ್ಲ.

ಸೋತು ಹೋದಳು ಅಂದುಕೊಂಡೆ. ಅವತ್ತು ನನ್ನಿಂದ ಬಟ್ಟೆ ಎಣಿಸಲು ಆಗಲಿಲ್ಲ. ಎರಡು ಸಲ ಎಣಿಕೆ ತಪ್ಪಿತು. ಊಟದ ಹೊತ್ತಿಗೆ ಇವತ್ತು ಹೇಳಿಬಿಡುತ್ತೇನೆ ಅಂತ ಹೊರಟೆ. ಆಫೀಸಿಗೆ ದಾರಿ ಒಣಗಿಸುವ ಹಾಲಿನ ನಡುವೆ. ಅಲ್ಲಿ ಸೂರಿನಿಂದ ನೆಲದವರೆಗೆ ಒದ್ದೆ ಚಾದರಗಳು. ಒಂದು ಸಾಲು, ಇನ್ನೊಂದು ಸಾಲು, ಎಲ್ಲ ಬಿಳಿ. ಅರ್ಧ ದಾರಿಯಲ್ಲಿ ಚಾದರದ ಆಚೆಯಿಂದ ಸಾಹೇಬರ ಗೊಗ್ಗರು ದನಿ ಬಂತು.

"ಏಯ್ ಬಿ.ಎ.! ನಿಂತ್ಕೋ ಅಲ್ಲೇ. ಆ ದನಿ ನಿಂದೇ ಅಂತ ಗೊತ್ತಾಗಿದೆ."

ನಿಂತೆ. ಚಾದರದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹೇಳ್ತೀಯೋ, ಪೊಲೀಸ್ನ ಕರೀಲೋ?"

"ಹೌದು, ನಾನೇ," ಅಂದೆ. ನನ್ನ ಒಡೆದ ದನಿಯಲ್ಲಿ. ಐದು ತಿಂಗಳ ಮೇಲೆ ಬಾಯಿಬಿಟ್ಟು ಆಡಿದ ಮೊದಲ ಮಾತು. "ನಾನೇ ಮಾತಾಡಿದ್ದು. ಬೇರೆ ಯಾರಿಗೂ ಗೊತ್ತಿಲ್ಲ. ಹೆಸರು ಬರ್ಕೊಳ್ಳಿ. ನನ್ನನ್ನ ಹೊರಗೆ ಹಾಕಿ, ಅಕ್ಕನ್ನ ಒಳಗೆ ಬಿಡಿ. ಪೊಲೀಸಿಗೆ ಕೊಡ್ತೀರೋ, ಕೊಡಿ. ಆದ್ರೆ ಕೆಂಪು ಚೀಲ ನಾನು ಬಿಚ್ಚಲ್ಲ. ಇವತ್ತೂ ಬಿಚ್ಚಲ್ಲ, ನಾಳೆನೂ ಬಿಚ್ಚಲ್ಲ. ನಾದಿನಿ ರಕ್ತ ಬಿದ್ದಾಗ ಗಲೀಜು ಅಂದ್ರಲ್ಲ, ಆ ಕಾಗದ ತಿನ್ನಿ."

ಆಮೇಲೆ ಚಾದರ ನಡುಗಿತು. ಗಾಳಿಯಿರಲಿಲ್ಲ. ಪಕ್ಕದ ಚಾದರವೂ ನಡುಗಿತು. ಅದರ ಪಕ್ಕದ್ದೂ.

"ಅಯ್ಯೋ, ನಿಜವಾಗ್ಲೂ ಒಪ್ಕೊಂಬಿಟ್ಳಲ್ರೇ!"

ಚಾದರ ಸರಿಯಿತು. ಇಸ್ತ್ರಿ ಅಕ್ಕ. ಸೊಂಟಕ್ಕೆ ಕೆಲಸದ ಏಪ್ರನ್ನು, ಬಾಯಿಗೆ ಅಡ್ಡ ಹಿಡಿದ ಪ್ಲಾಸ್ಟಿಕ್ ಲೋಟ. ಹಿಂದೆ ನಾದಿನಿ, ಅವಳ ಹಿಂದೆ ಉಳಿದವರು. ಎಲ್ಲರ ಬಾಯಿಗೂ ಸೆರಗು.

"ಬೆಳಗಿನ ಜಾವದ ಪಾಳಿಗೇ ಒಳಗೆ ಬಿಟ್ರು ಕಣೇ. ಕಾಗದ ಬಂತಂತೆ. ನೀನು ಬಂದಾಗ ನಾನಾಗ್ಲೇ ಇಸ್ತ್ರಿ ಹಿಡಿದಿದ್ದೆ." ಲೋಟ ಆಡಿಸಿದಳು. "ನನ್ನ ಮಿಮಿಕ್ರಿ ಕಳಪೆ ಅಂತ ಗೊತ್ತು, ಬಯ್ಬೇಡ."

"ನಿಂಗೆ... ಗೊತ್ತಿತ್ತಾ?"

"ಮೊದಲ ದಿನವೇ. ದನಿ ಸಾಹೇಬ್ರದ್ದು ಸರಿ. ನಡುನಡುವೆ ಉಸಿರು ತಗೋತೀಯಲ್ಲ, ಅದು? ಬ್ಲೀಚಿನ ಹತ್ರ ನಿಂತವರು ಮಾತ್ರ ಹಾಗೆ ಬಾಯಲ್ಲಿ ಕದ್ದು ಉಸಿರು ತಗೊಳ್ಳೋದು. ನಾವೆಲ್ಲ ಹಾಗೇ ಅಲ್ವಾ ಉಸಿರಾಡೋದು. ಅದರಲ್ಲಿ ಗುಂಪಿಗೆ ಕೈ ಕಳಿಸದೋಳು ನೀನೊಬ್ಬಳೇ."

"ನಂಗೂ ಗೊತ್ತಿತ್ತು," ಅಂದಳು ನಾದಿನಿ. "ನಂಗೂ," ಅಂದಳು ಇನ್ನೊಬ್ಬಳು. ಎಲ್ಲರಿಗೂ ಗೊತ್ತಿತ್ತು. ಒಬ್ಬಳೂ ಇನ್ನೊಬ್ಬಳಿಗೆ ಹೇಳಿರಲಿಲ್ಲ. ಹನ್ನೊಂದು ಜನ ಹನ್ನೊಂದು ಕಡೆ ಒಬ್ಬೊಬ್ಬರೇ ಗಂಟು ಹಾಕಿಕೊಂಡು ಕೂತಿದ್ದರು.

"ಕೋರ್ಟಲ್ಲಿ ನಿಂಗೆ ಆಣೆ ಮಾಡಿಸಿದ್ರಲ್ಲ ಅಕ್ಕ!"

"ಮಾಡಿಸಿದ್ರು. ಫೋನಿನ ನಂಬರು ಕೇಳಿದ್ರು. 'ಅದ್ಯಾರು ಅಂತ ಗೊತ್ತೇನಮ್ಮ' ಅಂತ ಒಬ್ಬನಾದ್ರೂ ಕೇಳಿದ್ನಾ? ಫೋನಿಗೆ ಮಾತ್ರ ಗೊತ್ತಿರುತ್ತೆ, ಇಸ್ತ್ರಿಯೋಳಿಗೆ ಏನು ಗೊತ್ತಿರುತ್ತೆ ಅಂದ್ಕೊಂಡ್ರು."

ನನಗೆ 'ಥೂ ನಿಮ್ಮ' ಅನ್ನಬೇಕೆನಿಸಿತು. ಮೊದಲು ಕೆಮ್ಮು ಬಂತು. ಆಮೇಲೆ ಕಣ್ಣೀರು. ಅದರ ಹಿಂದೆಯೇ ನಗು ಬಂತು, ಹೊಟ್ಟೆಯ ಅಡಿಯಿಂದ, ತಡೆಯಲಾಗದ್ದು. ಅವರು ಹನ್ನೊಂದು ಜನ ಸೇರಿ ನಕ್ಕಿದ್ದಕ್ಕಿಂತ ಜೋರಾಗಿ ನಾನೊಬ್ಬಳೇ ನಕ್ಕೆ. ಒದ್ದೆ ಚಾದರ ಹಿಡಿದುಕೊಂಡು ನಕ್ಕೆ. ನಾದಿನಿ ಪಕ್ಕದಲ್ಲಿ ನಿಂತು ನನ್ನ ಬೆನ್ನು ತಟ್ಟುತ್ತಿದ್ದಳು.

ಮೇಲಿನ ಆಫೀಸಿನ ಬಾಗಿಲು ದಡಾರನೆ ತೆರೆಯಿತು.

"ಯಾರೇ ಅದು ನಗ್ತಿರೋದು?"

ಕೆಳಗೆ ಚಾದರಗಳು, ಸಾಲು ಸಾಲು, ಎಲ್ಲ ಬಿಳಿ. ಯಾರೂ ಹೇಳಲಿಲ್ಲ.